ಹೆಸರಿಲ್ಲದ ಮಹಾಕೃತಿಗಳು: ಚೀನೀ ಕಾದಂಬರಿಗಳ ಕರ್ತೃತ್ವ ಜಿಜ್ಞಾಸೆ

ಹದಿನಾರನೆಯ ಶತಮಾನದಲ್ಲಿ ಹಾಂಗ್‌ಜೌ ನಗರದ ಪಶ್ಚಿಮ ಸರೋವರವನ್ನು ಕುರಿತು ವಿಸ್ತಾರವಾದ ಗ್ರಂಥ ಬರೆದ ತಿಯನ್ ರುಚೆಂಗ್ ಎಂಬ ವಿದ್ವಾಂಸನು, ತನ್ನ ಊರಿನ ಹಿಂದಿನವರ ಸಂಗತಿಗಳನ್ನು ಹೇಳುತ್ತ ಲುವೊ ಗುವಾನ್‌ಜಾಂಗ್ ಎಂಬ ಕಥನಕಾರನ ಪ್ರಸ್ತಾಪಕ್ಕೆ ಬರುತ್ತಾನೆ. ಅವನ ಪ್ರಕಾರ ಈ ಲುವೊ ಹತ್ತಾರು ಕಥಾಗ್ರಂಥಗಳನ್ನು ಹೆಣೆದವನು. 'ಜಲತೀರ'ದಲ್ಲಿ ದರೋಡೆಕೋರರ ಕಪಟೋಪಾಯಗಳನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿ ಜನರ ಮನಸ್ಸನ್ನು ಕೆಡಿಸಿದವನು. ಆ ಪಾಪದ ಫಲವಾಗಿ ಅವನ ಸಂತತಿಯವರು ಮೂರು ತಲೆಮಾರು ಮೂಕರಾದರಂತೆ. ಇದೇ ತಿಯನ್ ರುಚೆಂಗ್ ಲುವೊನನ್ನು ದಕ್ಷಿಣ ಸೊಂಗ್ ಕಾಲದವನೆಂದು ಹೇಳುತ್ತಾನೆ. ಅಂದರೆ ಇಂದು ವಿದ್ವಾಂಸರು ಒಪ್ಪುವ ಕಾಲಕ್ಕಿಂತ ಒಂದು ಶತಮಾನದಷ್ಟು ಹಿಂದಕ್ಕೆ ತಳ್ಳುತ್ತಾನೆ. ಕಾಲ ತಿಳಿಯದು, ವಂಶ ತಿಳಿಯದು, ಶಾಪ ಮಾತ್ರ ಖಚಿತವಾಗಿ ತಿಳಿದಿದೆ. ಚೀನಾ ದೇಶದ ಮಹಾಕಾದಂಬರಿಗಳನ್ನು ಬರೆದವರು ತಮ್ಮ ಹೆಸರನ್ನು ಏಕೆ ಹೇಳಿಕೊಳ್ಳಲಿಲ್ಲವೆಂಬ ಪ್ರಶ್ನೆಗೆ ಈ ದಂತಕಥೆಯಲ್ಲಿಯೇ ಅರ್ಧ ಉತ್ತರವಿದೆ.

ಉಳಿದರ್ಧ ಉತ್ತರ ಬಹಳ ಹಳೆಯದು. ಕ್ರಿ.ಶ. ಒಂದನೆಯ ಶತಮಾನದ ಇತಿಹಾಸಕಾರ ಬಾನ್ ಗು ತನ್ನ ಗ್ರಂಥಸೂಚಿಯಲ್ಲಿ ಹತ್ತು ಚಿಂತನ ಪಂಥಗಳನ್ನು ಎಣಿಸಿ, ಅವುಗಳಲ್ಲಿ ಒಂಬತ್ತು ಮಾತ್ರ ಅವಲೋಕನಕ್ಕೆ ಯೋಗ್ಯವೆಂದನು. ಹೊರಗುಳಿದ ಹತ್ತನೆಯದೇ 'ಶಿಯಾವೊಶುವೊ'. 'ಸಣ್ಣ ಮಾತು' ಎಂಬುದು ಅದರ ಅಕ್ಷರಾರ್ಥ. ಬೀದಿಯ ಮಾತು, ಸಂದಿಗೊಂದಿಯ ಸುದ್ದಿ ಎಂಬುದು ಅದರ ಭಾವ. ಕಾದಂಬರಿಗೆ ಚೀನೀ ಭಾಷೆಯಲ್ಲಿ ಇಂದಿಗೂ ಇದೇ ಹೆಸರು. ಪರೀಕ್ಷೆಗಳನ್ನು ಪಾಸು ಮಾಡಿ ಅಧಿಕಾರಿಯಾಗುವುದೇ ಜೀವನದ ಗುರಿಯಾಗಿದ್ದ ಅಕ್ಷರಸ್ಥನು ತನ್ನ ಕವಿತೆಗಳಿಗೆ, ಪ್ರಬಂಧಗಳಿಗೆ, ಮಿತ್ರರಿಗೆ ಬರೆದ ಓಲೆಗಳಿಗೂ ಹೆಸರು ಹಾಕಿ ಸಂಗ್ರಹಿಸಿಟ್ಟನು. ಆಡುಮಾತಿನಲ್ಲಿ ಬರೆದ ಕಥೆಗೆ ಮಾತ್ರ ಹೆಸರು ಹಾಕಲಿಲ್ಲ. ಮುಖಪುಟದ ಮೇಲೆ ಹೆಸರುಗಳು ಕಂಡರೂ ಅವು ಬಹುಪಾಲು 'ಕ್ರಮಗೊಳಿಸಿದವರು', 'ತಿದ್ದಿದವರು', 'ಟಿಪ್ಪಣಿ ಬರೆದವರು' ಎಂಬ ಉಪಾಧಿಗಳೊಡನೆ ಬರುತ್ತವೆ. ಅವುಗಳಲ್ಲಿಯೂ ಎಷ್ಟೋ ಹೆಸರುಗಳು ಪುಸ್ತಕ ವ್ಯಾಪಾರಿಗಳ ಸೃಷ್ಟಿ. ಚಿಂತಕ ಲಿ ಜಿ 1602ರಲ್ಲಿ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡನು. ಅವನ ಗ್ರಂಥಗಳನ್ನು ಸುಡಬೇಕೆಂದು ಅರಸನ ಆಜ್ಞೆಯಾಗಿತ್ತು. ಅನಂತರದ ದಶಕಗಳಲ್ಲಿ ಅವನ ಟಿಪ್ಪಣಿಗಳಿವೆಯೆಂದು ಹೇಳಿಕೊಂಡ ಕಾದಂಬರಿಗಳು ಒಂದರ ಹಿಂದೊಂದು ಪೇಟೆಗೆ ಬಂದವು. ಅವುಗಳಲ್ಲಿ ಕೆಲವನ್ನು ಬರೆದವನು ಯೆ ಜೌ ಎಂಬ ಬಡ ಲೇಖಕನೆಂದು ಸಮಕಾಲೀನರೇ ಹೇಳಿದ್ದಾರೆ. ನಿಷೇಧಿತನ ಹೆಸರಿಗೆ ಪೇಟೆಯಲ್ಲಿ ಬೆಲೆಯಿತ್ತು.

'ಮೂರು ರಾಜ್ಯಗಳ ಕಥೆ' ಮತ್ತು 'ಜಲತೀರ' ಎಂಬ ಎರಡು ಹಳೆಯ ಕಾದಂಬರಿಗಳ ವಿಷಯದಲ್ಲಿ ಕರ್ತೃವಿನ ಪ್ರಶ್ನೆಯೇ ಒಂದು ಮಟ್ಟಿಗೆ ಅಪ್ರಸ್ತುತವಾಗುತ್ತದೆ. ಶತಮಾನಗಳ ಕಾಲ ಕಥೆಗಾರರ ನಾಲಗೆಯ ಮೇಲೆ, ರಂಗದ ಮೇಲೆ ಬೆಳೆದ ವಸ್ತು ಅದು. 1540ರ ಸುಮಾರಿನ ಗಾವೊ ರು ಎಂಬ ಸಂಗ್ರಾಹಕನ ಗ್ರಂಥಸೂಚಿಯು 'ಜಲತೀರ'ದ ಎದುರಿಗೆ ಮೂಲಪ್ರತಿ ಶಿ ನಾಯ್‌ಆನನದು, ಜೋಡಣೆ ಲುವೊ ಗುವಾನ್‌ಜಾಂಗನದು ಎಂದು ಎರಡು ಹೆಸರು ಕೊಡುತ್ತದೆ. ಲುವೊನ ಬದುಕಿನ ಬಗ್ಗೆ ಇರುವ ಸಮಕಾಲೀನ ಸಾಕ್ಷ್ಯ ಒಂದೇ ಒಂದು. ನಾಟಕಕಾರರ ಪರಿಚಯಗಳಿರುವ ಒಂದು ಹಳೆಯ ಕೈಬರಹದ ಪ್ರತಿ 1931ರಲ್ಲಿ ನಿಂಗ್‌ಬೊ ನಗರದಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದಿತು. ಲುವೊ ತಾಯ್‌ಯುವಾನಿನವನು, ಜನರೊಡನೆ ಹೆಚ್ಚು ಬೆರೆಯದವನು, 1364ರಲ್ಲಿ ಮತ್ತೊಮ್ಮೆ ಭೇಟಿಯಾದನು, ಅನಂತರ ಅರುವತ್ತು ವರ್ಷಗಳಾದರೂ ಅವನು ಏನಾದನೆಂದು ತಿಳಿಯಲಿಲ್ಲ ಎಂದು ಅದರ ಲೇಖಕ ಬರೆದಿದ್ದಾನೆ. ಅಲ್ಲಿ ಕಾದಂಬರಿಗಳ ಮಾತೇ ಇಲ್ಲ. ಮುದ್ರಿತ ಪ್ರತಿಗಳಾದರೋ ಲುವೊನನ್ನು ಶಾನ್‌ದೊಂಗ್ ಪ್ರಾಂತದ ದೊಂಗ್‌ಯುವಾನಿನವನೆನ್ನುತ್ತವೆ. ನಾಟಕಕಾರ ಲುವೊ ಮತ್ತು ಕಾದಂಬರಿಕಾರ ಲುವೊ ಒಬ್ಬನೇ ಎಂಬುದಕ್ಕೆ ಹೆಸರಿನ ಸಾಮ್ಯದ ಹೊರತು ಬೇರೆ ಆಧಾರವಿಲ್ಲ. ಶಿ ನಾಯ್‌ಆನನ ವಿಷಯದಲ್ಲಿ ಅಷ್ಟೂ ಇಲ್ಲ. 1641ರ ಮುನ್ನುಡಿಯುಳ್ಳ ತನ್ನ ಆವೃತ್ತಿಯಲ್ಲಿ ಜಿನ್ ಶೆಂಗ್‌ತಾನ್ ಎಂಬ ವಿಮರ್ಶಕನು ಎಪ್ಪತ್ತು ಅಧ್ಯಾಯಗಳಾಚೆಗಿನ ಭಾಗವನ್ನು ಕತ್ತರಿಸಿ ಹಾಕಿದನು. ಪ್ರಾಚೀನ ಪ್ರತಿಯೊಂದು ತನಗೆ ದೊರೆತಿದೆ, ಶಿ ಬರೆದದ್ದು ಇಷ್ಟೇ, ಮುಂದಿನದು ಲುವೊ ಸೇರಿಸಿದ ಹೊಲಸು ಎಂದು ಘೋಷಿಸಿದನು. ಶಿ ನಾಯ್‌ಆನನ ಹೆಸರಿನಲ್ಲಿ ಒಂದು ಸುಂದರ ಮುನ್ನುಡಿಯನ್ನೂ ತಾನೇ ಬರೆದು ಸೇರಿಸಿದನು. ಇದು ಕೂಟಸೃಷ್ಟಿಯೆಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. ಆದರೂ ಮುಂದಿನ ಮೂರು ಶತಮಾನ ಚೀನೀ ಓದುಗರು ಓದಿದ್ದು ಈ ಎಪ್ಪತ್ತು ಅಧ್ಯಾಯಗಳ 'ಜಲತೀರ'ವನ್ನೇ. ಇಪ್ಪತ್ತನೆಯ ಶತಮಾನದಲ್ಲಿ ಜಿಯಾಂಗ್‌ಸು ಪ್ರಾಂತದ ಶಿಂಗ್‌ಹುವಾ ಪ್ರದೇಶದ ಶಿ ಮನೆತನದ ವಂಶಾವಳಿ, ಸಮಾಧಿಲೇಖಗಳನ್ನು ಮುಂದಿಟ್ಟು ಶಿ ನಾಯ್‌ಆನನಿಗೆ ಒಂದು ಜೀವನಚರಿತ್ರೆ ಕಟ್ಟುವ ಪ್ರಯತ್ನವೂ ನಡೆಯಿತು. ಆ ದಾಖಲೆಗಳ ಪ್ರಾಮಾಣ್ಯವೇ ವಿವಾದಕ್ಕೊಳಗಾಯಿತು.

ಕನ್ನಡದ ಓದುಗರಿಗೆ ಹೆಚ್ಚು ಹತ್ತಿರವಾಗಬೇಕಾದದ್ದು 'ಪಶ್ಚಿಮಯಾತ್ರೆ'ಯ ಪ್ರಕರಣ. ಅದರ ಕಥಾನಾಯಕನಾದ ಭಿಕ್ಷು ಬೇರೆ ಯಾರೂ ಅಲ್ಲ, ಬಾದಾಮಿ ಚಾಲುಕ್ಯ ಇಮ್ಮಡಿ ಪುಲಕೇಶಿಯ ನಾಡನ್ನೂ ಪ್ರಜೆಗಳ ಶೌರ್ಯವನ್ನೂ ವರ್ಣಿಸಿದ ಹ್ಯೂಯೆನ್ ತ್ಸಾಂಗ್. 645ರಲ್ಲಿ ಸ್ವದೇಶಕ್ಕೆ ಮರಳಿದ ಈ ಯಾತ್ರಿಕನ ಪ್ರವಾಸಗ್ರಂಥ ಮರುವರ್ಷ ಸಿದ್ಧವಾಯಿತು. ಕರ್ನಾಟಕದ ಇತಿಹಾಸ ಬರೆಯುವವರೆಲ್ಲ ಆಧಾರವಾಗಿ ಬಳಸುವ ಆ ಗ್ರಂಥದ ಮೇಲೆಯೂ ಎರಡು ಹೆಸರುಗಳಿವೆ: ಅರಸನ ಅಪ್ಪಣೆಯಂತೆ ಅನುವಾದಿಸಿದವನು ಹ್ಯೂಯೆನ್ ತ್ಸಾಂಗ್, ರಚಿಸಿದವನು ಅವನ ಶಿಷ್ಯ ಬಿಯನ್‌ಜಿ. ಗುರು ಹೇಳಿದ್ದೆಷ್ಟು, ಶಿಷ್ಯ ಬರೆದದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ರಾಜಕುಮಾರಿಯೊಬ್ಬಳೊಡನೆ ಸಂಬಂಧವಿತ್ತೆಂಬ ಆರೋಪದ ಮೇಲೆ ಆ ಶಿಷ್ಯನನ್ನು ಸೊಂಟದಲ್ಲಿ ಕತ್ತರಿಸಿ ಕೊಲ್ಲಿಸಲಾಯಿತೆಂದು ತಾಂಗ್ ರಾಜವಂಶದ ಇತಿಹಾಸ ಹೇಳುತ್ತದೆ. ಪುಲಕೇಶಿಯನ್ನು ಕುರಿತ ಆ ಪ್ರಸಿದ್ಧ ವಾಕ್ಯಗಳು ಅವನ ಲೇಖನಿಯಿಂದ ಹಾದು ಬಂದಂಥವು.

ಈ ಐತಿಹಾಸಿಕ ಯಾತ್ರೆಯು ಜನಪದರ ಬಾಯಲ್ಲಿ ಒಂಬೈನೂರು ವರ್ಷ ಬೆಳೆದು, ಕಪಿವೀರನನ್ನೂ ವರಾಹಮುಖದ ಭಕ್ಷಕನನ್ನೂ ಕೂಡಿಸಿಕೊಂಡು, ನೂರು ಅಧ್ಯಾಯಗಳ ಕಾದಂಬರಿಯಾಗಿ 1592ರಲ್ಲಿ ನಾನ್‌ಜಿಂಗಿನಲ್ಲಿ ಅಚ್ಚಾಯಿತು. ಆ ಮುದ್ರಣದಲ್ಲಿ ಕರ್ತೃವಿನ ಹೆಸರಿಲ್ಲ. 'ಹುವಾಯಾಂಗ್ ಗುಹಾಸ್ವರ್ಗದ ಒಡೆಯ' ಎಂಬ ಗುಪ್ತನಾಮದ ಪರಿಷ್ಕರ್ತೃ ಮಾತ್ರ ಕಾಣಿಸುತ್ತಾನೆ. ಮುನ್ನುಡಿಯ ಲೇಖಕ ಚೆನ್ ಯುವಾನ್‌ಜಿಯು, ಇದನ್ನು ಯಾರು ಬರೆದರೋ ತಿಳಿಯದು, ಯಾವುದೋ ರಾಜವಂಶೀಯನ ಆಸ್ಥಾನದಿಂದ ಬಂದಿತೆಂದು ಕೆಲವರು, ಆ ಅರಸುಮಗನೇ ಬರೆದನೆಂದು ಇನ್ನು ಕೆಲವರು ಹೇಳುತ್ತಾರೆ ಎನ್ನುತ್ತಾನೆ. ಗ್ರಂಥ ಹೊರಬಂದ ದಿನವೇ ಕರ್ತೃ ಅಜ್ಞಾತನಾಗಿದ್ದನು.

ಖಾಲಿ ಜಾಗವನ್ನು ಹದಿನೇಳನೆಯ ಶತಮಾನ ಒಂದು ದೊಡ್ಡ ಹೆಸರಿನಿಂದ ತುಂಬಿತು. ದಾವ್ ಪಂಥದ ಆಚಾರ್ಯ ಚಿಯು ಚುಜಿ ಚೆಂಗಿಸ್ ಖಾನನ ಕರೆಯ ಮೇರೆಗೆ 1220ರ ದಶಕದ ಆರಂಭದಲ್ಲಿ ಮಧ್ಯ ಏಷ್ಯಾವನ್ನು ದಾಟಿಹೋಗಿದ್ದನು. ಶಿಷ್ಯನೊಬ್ಬನು ಬರೆದ ಆ ಪ್ರಯಾಣದ ವೃತ್ತಾಂತದ ಹೆಸರು ಕೂಡ 'ಪಶ್ಚಿಮಯಾತ್ರೆ'. ಕಾದಂಬರಿಯ ಹೊಸ ಆವೃತ್ತಿಯೊಂದು ಯುವಾನ್ ಕಾಲದ ಪಂಡಿತ ಯು ಜಿ ಬರೆದನೆನ್ನಲಾದ ಮುನ್ನುಡಿಯೊಂದನ್ನು ಹೊತ್ತು ಬಂದು, ಚಿಯು ಚುಜಿಯೇ ಕರ್ತೃವೆಂದು ಸಾರಿತು. ಅಲ್ಲಿಂದ ಮುಂದೆ ಕಪಿಯ ಚೇಷ್ಟೆಗಳೆಲ್ಲ ಪ್ರಾಣಸಾಧನೆಯ, ಅಂತರಂಗದ ರಸವಿದ್ಯೆಯ ಸಂಕೇತಗಳಾದವು. ಒಂದೊಂದು ಅಧ್ಯಾಯಕ್ಕೂ ಗೂಢಾರ್ಥದ ವ್ಯಾಖ್ಯಾನ ಬಂದಿತು. ಕಾದಂಬರಿಯ ಒಂದಕ್ಷರವೂ ಬದಲಾಗಬೇಕಾಗಿರಲಿಲ್ಲ. ಮುಖಪುಟದ ಹೆಸರು ಬದಲಾದುದೇ ಸಾಕಾಯಿತು.

ಈ ಕರ್ತೃತ್ವವನ್ನು ಅಲುಗಿಸಿದ ಪ್ರಸಂಗವನ್ನು ಹದಿನೆಂಟನೆಯ ಶತಮಾನದ ಮಹಾಪಂಡಿತ ಜಿ ಯುನ್ ನಗೆಯನ್ನು ಅಡಗಿಸಿಕೊಂಡು ದಾಖಲಿಸಿದ್ದಾನೆ. ಆತ್ಮಗಳನ್ನು ಆವಾಹಿಸಿ ಮರಳಿನ ಮೇಲೆ ಬರೆಸುವ ಒಂದು ಕೂಟದಲ್ಲಿ ಚಿಯು ಚುಜಿಯ ಆತ್ಮವೇ ಬಂದಿದೆಯೆಂಬ ಸೂಚನೆ ದೊರೆಯಿತು. ನೀನೇ 'ಪಶ್ಚಿಮಯಾತ್ರೆ'ಯ ಕರ್ತೃವೇ ಎಂದು ಕೇಳಿದಾಗ ಹೌದೆಂಬ ಉತ್ತರ ಬಂದಿತು. ಅಲ್ಲಿದ್ದವನೊಬ್ಬನು, ಗ್ರಂಥ ಯುವಾನ್ ಕಾಲದ ಆರಂಭದ್ದಾದರೆ ಮಿಂಗ್ ಅರಸರು ಸ್ಥಾಪಿಸಿದ ರಕ್ಷಕದಳ, ಅಂತಃಪುರದ ಕಚೇರಿ, ನಗರ ಕಾವಲುಪಡೆಗಳ ಹೆಸರುಗಳು ಅದರಲ್ಲಿ ಹೇಗೆ ಬಂದವು ಎಂದು ಕೇಳಿದನು. ಬರೆಯುವ ಕಡ್ಡಿ ಥಟ್ಟನೆ ನಿಂತಿತು. ಎಷ್ಟು ಕೇಳಿದರೂ ಮತ್ತೆ ಅಲುಗಲಿಲ್ಲ. ಶಾಸನಪಾಠದಲ್ಲಿ ಅನಂತರದ ಕಾಲದ ಅಧಿಕಾರನಾಮ ಕಂಡರೆ ಅದನ್ನು ಕೂಟವೆಂದು ಶಂಕಿಸುವ ಕ್ರಮ ನಮ್ಮ ಶಾಸನತಜ್ಞರಿಗೂ ಪರಿಚಿತವೇ. ಜಿ ಯುನ್ ಅದನ್ನು ಪ್ರೇತಾತ್ಮದ ಮೇಲೆ ಪ್ರಯೋಗಿಸಿದ್ದಾನೆ, ಅಷ್ಟೇ. 1795ರಲ್ಲಿ ಇನ್ನೊಬ್ಬ ಪಂಡಿತ ಚಿಯನ್ ದಾಶಿನ್, ಸುಝೌ ನಗರದ ದಾವ್ ದೇಗುಲದ ಗ್ರಂಥಭಂಡಾರದಲ್ಲಿ ನಿಜವಾದ ಪ್ರಯಾಣವೃತ್ತಾಂತವನ್ನು ಕಂಡು, ಎರಡೂ ಬೇರೆ ಬೇರೆ ಗ್ರಂಥಗಳೆಂದು ತೋರಿಸಿದನು. ಚಿಯು ಚುಜಿಯ ಹೆಸರು ಕ್ರಮೇಣ ಬಿದ್ದುಹೋಯಿತು.

ಆ ಜಾಗಕ್ಕೆ ಬಂದವನು ವು ಚೆಂಗ್‌ಎನ್. ಹುವಾಯ್‌ಆನ್ ಪಟ್ಟಣದ ಈ ಕವಿ ಪರೀಕ್ಷೆಗಳಲ್ಲಿ ಪದೇಪದೇ ಸೋತು, ಮುಪ್ಪಿನಲ್ಲಿ ಸಣ್ಣ ಹುದ್ದೆಗಳನ್ನು ಹಿಡಿದು, 1582ರ ಸುಮಾರಿಗೆ ತೀರಿಕೊಂಡನು. ಅಂದರೆ ಕಾದಂಬರಿ ಅಚ್ಚಾಗುವುದಕ್ಕೆ ಹತ್ತು ವರ್ಷ ಮೊದಲು. 1620ರ ದಶಕದಲ್ಲಿ ಸಿದ್ಧವಾದ ಹುವಾಯ್‌ಆನಿನ ಸ್ಥಳವೃತ್ತಾಂತವು ಅವನನ್ನು ಬಹುಶ್ರುತನೆಂದೂ ಹಾಸ್ಯಪ್ರಿಯನೆಂದೂ ಹೊಗಳಿ, ಅವನ ಗ್ರಂಥಗಳ ಪಟ್ಟಿಯಲ್ಲಿ 'ಪಶ್ಚಿಮಯಾತ್ರೆ' ಎಂಬ ಹೆಸರನ್ನು ಸೇರಿಸಿದೆ. ಎಷ್ಟು ಅಧ್ಯಾಯ, ಯಾವ ಪ್ರಕಾರ ಎಂಬುದರ ಸುಳಿವಿಲ್ಲ. ಅದೇ ಊರಿನ ಹದಿನೆಂಟನೆಯ ಶತಮಾನದ ಪಂಡಿತರು ಇದನ್ನು ಎತ್ತಿಹಿಡಿದರು. 1923ರಲ್ಲಿ ಹು ಶಿ ಅವರೂ ಅದೇ ಕಾಲದಲ್ಲಿ ಚೀನೀ ಕಥನಸಾಹಿತ್ಯದ ಮೊದಲ ಚರಿತ್ರೆಯನ್ನು ಬರೆದ ಲು ಶುನ್ ಅವರೂ ಇದನ್ನು ಒಪ್ಪಿದರು. ಅಲ್ಲಿಂದೀಚೆಗೆ ಜಗತ್ತಿನ ಬಹುತೇಕ ಮುದ್ರಣಗಳ ಮೇಲೆ ವು ಚೆಂಗ್‌ಎನನ ಹೆಸರಿದೆ.

ಆದರೆ ಹದಿನೇಳನೆಯ ಶತಮಾನದ ಗ್ರಂಥಪಾಲಕ ಹುವಾಂಗ್ ಯುಜಿಯ ಸೂಚಿಯೂ ವು ಚೆಂಗ್‌ಎನನ 'ಪಶ್ಚಿಮಯಾತ್ರೆ'ಯನ್ನು ಹೆಸರಿಸುತ್ತದೆ. ಅದನ್ನು ಅವನು ಇರಿಸಿದ್ದು ಕಥಾಗ್ರಂಥಗಳ ನಡುವೆಯಲ್ಲ, ಭೂಗೋಳದ ವಿಭಾಗದಲ್ಲಿ! ಹಾಗಾದರೆ ವು ಬರೆದದ್ದು ಪಶ್ಚಿಮದ ಕಡೆಗೆ ಕೈಗೊಂಡ ಒಂದು ಸಾಮಾನ್ಯ ಪ್ರವಾಸದ ಟಿಪ್ಪಣಿಯಾಗಿರಬಹುದೇ? ಚಿಯು ಚುಜಿಯ ವಿಷಯದಲ್ಲಿ ಆದ ನಾಮಸಾಮ್ಯದ ಭ್ರಮೆಯೇ ಇಲ್ಲಿಯೂ ಮರುಕಳಿಸಿತೇ? ಇಂಗ್ಲೆಂಡಿನ ಗ್ಲೆನ್ ಡಡ್‌ಬ್ರಿಜ್, ಶಾಂಘೈನ ಜಾಂಗ್ ಪೇಯ್‌ಹೆಂಗ್, ಜಪಾನಿನ ಹಲವು ವಿದ್ವಾಂಸರು ಈ ಸಂಶಯವನ್ನು ಗಂಭೀರವಾಗಿ ಮಂಡಿಸಿದ್ದಾರೆ. ಪರವಾಗಿಯೂ ಹೇಳಬೇಕಾದದ್ದಿದೆ. ಚಿಕ್ಕಂದಿನಿಂದ ವಿಚಿತ್ರ ಕಥೆಗಳ ಹುಚ್ಚು ತನಗಿತ್ತೆಂದು ವು ಬೇರೊಂದು ಕಥಾಸಂಗ್ರಹದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಕಾದಂಬರಿಯ ಭಾಷೆಯಲ್ಲಿ ಹುವಾಯ್‌ಆನ್ ಸೀಮೆಯ ಆಡುನುಡಿ ಕಾಣುತ್ತದೆನ್ನುವವರಿದ್ದಾರೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅವನ ಸಮಾಧಿ ಪತ್ತೆಯಾದಾಗ, ಶವಪೆಟ್ಟಿಗೆಯ ಹಲಗೆಯ ಮೇಲೆ ಅವನು ಜಿಂಗ್ ರಾಜಕುಮಾರನ ಆಸ್ಥಾನದಲ್ಲಿ ಹುದ್ದೆ ಪಡೆದವನೆಂಬ ಬರಹವಿತ್ತು. 1592ರ ಮುನ್ನುಡಿಯ 'ರಾಜವಂಶೀಯನ ಆಸ್ಥಾನ'ಕ್ಕೂ ಇದಕ್ಕೂ ಗಂಟು ಹಾಕುವ ಆಸೆ ಸಹಜವೇ. ಆದರೆ ಮಿಂಗ್ ಕಾಲದ ಚೀನಾದಲ್ಲಿ ರಾಜವಂಶೀಯರ ಆಸ್ಥಾನಗಳು ಒಂದೆರಡಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ವು ಹುಟ್ಟುವುದಕ್ಕೆ ಮೊದಲೇ, 1408ರಲ್ಲಿ ಮುಗಿದ ಯೊಂಗ್‌ಲೆ ವಿಶ್ವಕೋಶದಲ್ಲಿ, ಕನಸಿನಲ್ಲಿ ನಾಗರಾಜನ ತಲೆ ಕಡಿಯುವ ಪ್ರಸಂಗ 'ಪಶ್ಚಿಮಯಾತ್ರೆ' ಎಂಬ ಹೆಸರಿನಲ್ಲಿಯೇ ಉದ್ಧೃತವಾಗಿದೆ. ಕೊರಿಯಾದವರು ಚೀನೀ ಭಾಷೆ ಕಲಿಯಲು ಬಳಸುತ್ತಿದ್ದ ಸಂಭಾಷಣೆಯ ಪುಸ್ತಕವೊಂದರಲ್ಲಿ, ಈ ಕಥೆಯ ಪುಸ್ತಕ ಕೊಳ್ಳುವ ಮಾತೂ ಕಪಿಯ ಪಂದ್ಯದ ಕಥೆಯೂ ಬರುತ್ತವೆ. ಹೀಗೆ ಮೈತುಂಬಿ ಬಂದ ಕಥೆಯನ್ನು 1592ರ ರೂಪಕ್ಕೆ ತಂದವನು ಮಹಾಪ್ರತಿಭೆಯವನು, ನಿಜ. ಅವನ ಕೆಲಸವನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ಅವನು ಯಾರೆಂಬುದಕ್ಕಿಂತ ಕಠಿನವಾದ ಪ್ರಶ್ನೆ. 'ಕ್ರಮಗೊಳಿಸಿದವನು' ಎಂಬ ಹಳೆಯ ಮುದ್ರಕರ ಪದವನ್ನು ಆಧುನಿಕ ವಿದ್ವಾಂಸರು ಅವಸರದಲ್ಲಿ 'ಕರ್ತೃ' ಎಂದು ತಿದ್ದಿದರೆಂದೇ ತೋರುತ್ತದೆ. ಅವಸರಕ್ಕೆ ಕಾರಣವೂ ಇತ್ತು. 1920ರಿಂದ ಶಾಂಘೈನ ಯಾದೊಂಗ್ ಪ್ರಕಾಶನವು ವಿರಾಮಚಿಹ್ನೆಗಳೊಡನೆ ಈ ಕಾದಂಬರಿಗಳನ್ನು ಹೊಸದಾಗಿ ಅಚ್ಚು ಹಾಕಿತು. ಹಲವಕ್ಕೆ ಹು ಶಿ ಅವರ ದೀರ್ಘ ಪೀಠಿಕೆಗಳು ಬಂದವು. ಆಡುಮಾತಿನಲ್ಲಿ ಬರೆದ ಸಾಹಿತ್ಯವೇ ಚೀನಾದ ನಿಜವಾದ ಸಾಹಿತ್ಯವೆಂದು ಸ್ಥಾಪಿಸುವ ಚಳವಳಿಗೆ, ಯೂರೋಪಿನ ಮಹಾಲೇಖಕರ ಎದುರು ನಿಲ್ಲಿಸಬಹುದಾದ ಹೆಸರುಗಳು ಬೇಕಾಗಿದ್ದವು.

ಹೆಸರಿನ ಹುಡುಕಾಟ ಅತ್ಯಂತ ವಿಚಿತ್ರ ರೂಪ ತಳೆದದ್ದು 'ಜಿನ್ ಪಿಂಗ್ ಮೇ' ವಿಷಯದಲ್ಲಿ. ವರ್ತಕನೊಬ್ಬನ ಭೋಗ, ಅಧಿಕಾರ, ಪತನಗಳನ್ನು ಮುಚ್ಚುಮರೆಯಿಲ್ಲದೆ ಚಿತ್ರಿಸಿದ ಈ ಕೃತಿ ಮೊದಲು ಹಸ್ತಪ್ರತಿಯಾಗಿ ಗೆಳೆಯರ ನಡುವೆ ಸುತ್ತಾಡಿತು. 1596ರಲ್ಲಿ ಯುವಾನ್ ಹೊಂಗ್‌ದಾವೊ ಎಂಬ ಸಾಹಿತಿ ಕಲಾವಿದ ದೊಂಗ್ ಚಿಚಾಂಗನಿಗೆ ಪತ್ರ ಬರೆದು, ಇದು ಎಲ್ಲಿಂದ ಬಂದಿತು, ಉಳಿದ ಭಾಗ ಎಲ್ಲಿದೆ ಎಂದು ವಿಚಾರಿಸಿದನು. ಅಂದಿನ ಅತ್ಯುತ್ತಮ ಓದುಗರಿಗೇ ಕರ್ತೃ ತಿಳಿದಿರಲಿಲ್ಲ. ಶೆನ್ ದೆಫು ಎಂಬ ಸಮಕಾಲೀನನು, ಇದು ಜಿಯಾಜಿಂಗ್ ಅರಸನ ಕಾಲದ ಒಬ್ಬ ಪ್ರಖ್ಯಾತ ವಿದ್ವಾಂಸನ ಕೃತಿಯೆಂದು ಕೇಳಿದ್ದೇನೆ ಎಂದಷ್ಟೇ ಬರೆದಿಟ್ಟನು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದನು: ಮೂಲದಲ್ಲಿ 53ರಿಂದ 57ರವರೆಗಿನ ಅಧ್ಯಾಯಗಳಿರಲಿಲ್ಲ, ಕೀಳುದರ್ಜೆಯ ಯಾವನೋ ಅವನ್ನು ಬರೆದು ತುಂಬಿಸಿದ್ದಾನೆ. ಈ ಎರಡನೆಯ ಮಾತನ್ನು ಆಧುನಿಕ ಪಾಠವಿಮರ್ಶೆ ಬಹುಮಟ್ಟಿಗೆ ಎತ್ತಿಹಿಡಿದಿದೆ. ಜನರು ಹಿಡಿದುಕೊಂಡದ್ದು ಮಾತ್ರ ಮೊದಲನೆಯದನ್ನು.

ಪ್ರಖ್ಯಾತ ವಿದ್ವಾಂಸನೆಂದರೆ ವಾಂಗ್ ಶಿಜೆನ್ ಇರಬೇಕೆಂದು ಊಹೆ ಹೊರಟಿತು. ಅವನ ತಂದೆ, ಸೇನಾಧಿಕಾರಿ ವಾಂಗ್ ಯು, 1560ರಲ್ಲಿ ಮರಣದಂಡನೆಗೆ ಗುರಿಯಾಗಿದ್ದನು. ಪ್ರಸಿದ್ಧ ಚಿತ್ರಪಟವೊಂದರ ನಕಲನ್ನು ಅಸಲೆಂದು ಕೊಟ್ಟ ಕಾರಣಕ್ಕೆ ಮಹಾಮಂತ್ರಿ ಯಾನ್ ಸೊಂಗ್ ಮತ್ತು ಅವನ ಮಗ ಯಾನ್ ಶಿಫಾನ್ ಈ ಶಿಕ್ಷೆ ಕೊಡಿಸಿದರೆಂದು ಕಥೆ. ಪಿತೃಹತ್ಯೆಯ ಸೇಡು ತೀರಿಸಲು ಮಗನು ಲಂಪಟನಾದ ಯಾನ್ ಶಿಫಾನನಿಗೆ ರುಚಿಸುವ ಕಾದಂಬರಿ ಬರೆದು, ಹಾಳೆಗಳ ಅಂಚಿಗೆ ವಿಷ ಲೇಪಿಸಿ ಕಳುಹಿಸಿದನಂತೆ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತ ಹೋದವನು ಪುಸ್ತಕ ಮುಗಿಯುವ ಹೊತ್ತಿಗೆ ಸತ್ತನಂತೆ. 1695ರಲ್ಲಿ ಇಪ್ಪತ್ತರ ಹರೆಯದ ಜಾಂಗ್ ಜುಪೊ ತನ್ನ ವ್ಯಾಖ್ಯಾನಸಹಿತ ಆವೃತ್ತಿಯಲ್ಲಿ ಮಗನ ದುಃಖವನ್ನೂ ಪಿತೃಭಕ್ತಿಯನ್ನೂ ಕೃತಿಯ ಮೂಲಪ್ರೇರಣೆಯಾಗಿ ಕಂಡನು. ಅವನು ಯಾರ ಹೆಸರನ್ನೂ ಹಿಡಿದು ಸಾಧಿಸಲಿಲ್ಲ. ಗೂಢವಾದ ಉದ್ದೇಶವಿರುವ ಕಾರಣವೇ ಕಥನಕಾರರು ಹೆಸರು ಹೇಳುವುದಿಲ್ಲವೆಂದನು. ಅಶ್ಲೀಲವೆಂದು ದೂರವಿಟ್ಟ ಗ್ರಂಥಕ್ಕೆ ಇದರಿಂದ ಒಂದು ಧರ್ಮಸಮ್ಮತ ನೆಲೆ ಸಿಕ್ಕಿತೆನ್ನಬೇಕು.

1930ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತೈದು ತುಂಬದಿದ್ದ ಇತಿಹಾಸಕಾರ ವು ಹಾನ್ ಈ ದಂತಕಥೆಯನ್ನು ಒಂದೊಂದೇ ಎಳೆಯಾಗಿ ಬಿಡಿಸಿದರು. ವಾಂಗ್ ಯುವಿನ ಮರಣಕ್ಕೆ ಆ ಚಿತ್ರಪಟ ಕಾರಣವಲ್ಲ. ಯಾನ್ ಶಿಫಾನ್ ಸತ್ತದ್ದು ವಿಷದಿಂದಲ್ಲ, 1565ರಲ್ಲಿ ಸರ್ಕಾರದ ಆಜ್ಞೆಯಂತೆ ಶಿರಚ್ಛೇದದಿಂದ. ಮೇಲಾಗಿ ಅಶ್ವಶಾಲಾ ಇಲಾಖೆಯ ಬೆಳ್ಳಿಯ ನಿಧಿಯಿಂದ ಸರ್ಕಾರ ಸಾಲ ಪಡೆಯುವಂಥ ಕಾದಂಬರಿಯ ವಿವರಗಳು ಅನಂತರದ ವಾನ್‌ಲಿ ಅರಸನ ಕಾಲಕ್ಕೆ ಹೊಂದುತ್ತವೆ. ಆಡಳಿತದ ಸಣ್ಣ ವಿವರವೊಂದು ದೊಡ್ಡ ಐತಿಹ್ಯವನ್ನು ಕೆಡವಿದ್ದು ಜಿ ಯುನನ ಪ್ರೇತಕ್ಕೆ ಆದ ಗತಿಯನ್ನು ನೆನಪಿಸುತ್ತದೆ. ಕಾದಂಬರಿಯ ಹಿಂದೆ ವೈಯಕ್ತಿಕ ದ್ವೇಷದ ಗುಪ್ತಸಂಕೇತ ಹುಡುಕುವುದರ ಬದಲು ಅದು ಚಿತ್ರಿಸಿದ ಸಮಾಜವನ್ನು ನೋಡಬೇಕೆಂಬುದು ವು ಹಾನ್ ಅವರ ನಿಲುವಾಗಿತ್ತು. ಮುಂದೆ ಅವರೇ ಮಿಂಗ್ ಕಾಲದ ಪ್ರಾಮಾಣಿಕ ಅಧಿಕಾರಿ ಹಾಯ್ ರುಯಿ ಪದಚ್ಯುತನಾದ ಕಥೆಯನ್ನು ನಾಟಕವಾಗಿ ಬರೆದರು. 1965ರ ನವೆಂಬರಿನಲ್ಲಿ ಶಾಂಘೈನ ಪತ್ರಿಕೆಯೊಂದರಲ್ಲಿ ಯಾವೊ ವೆನ್‌ಯುವಾನ್ ಆ ನಾಟಕದ ಮೇಲೆ ಎರಗಿದರು. ಹಳೆಯ ಕಥೆಯ ಹೊದಿಕೆಯಲ್ಲಿ ಅದು ಇಂದಿನ ಆಳ್ವಿಕೆಯ ಮೇಲಿನ ದಾಳಿಯೆಂದರು. ಸಾಂಸ್ಕೃತಿಕ ಕ್ರಾಂತಿಯ ಮೊದಲ ಕಿಡಿ ಆ ಲೇಖನವೇ. ವು ಹಾನ್ 1969ರಲ್ಲಿ ಬಂಧನದಲ್ಲಿಯೇ ಸತ್ತರು. ಕೃತಿಯೊಳಗೆ ಕರ್ತೃವಿನ ಗುಪ್ತ ಉದ್ದೇಶವನ್ನು ಅಗೆದು ತೆಗೆಯುವ ಓದಿನ ಕ್ರಮ ಅವರ ಪ್ರಾಣವನ್ನೇ ತೆಗೆದುಕೊಂಡಿತು.

ಇತ್ತ 1932ರಲ್ಲಿ ಶಾನ್‌ಶಿ ಪ್ರಾಂತದಲ್ಲಿ 'ಜಿನ್ ಪಿಂಗ್ ಮೇ'ಯ ಹಳೆಯ ಮುದ್ರಣವೊಂದು ದೊರೆಯಿತು. ಅದರ ಮುನ್ನುಡಿಯೊಂದರಲ್ಲಿ ಕರ್ತೃ 'ಲಾನ್‌ಲಿಂಗಿನ ನಗುವ ಪಂಡಿತ' ಎಂದಿದೆ. ಅಂದಿನಿಂದ ಆ ನಗುವವನ ಬೆನ್ನು ಹತ್ತಿದವರು ಅನೇಕ. ಲಾನ್‌ಲಿಂಗ್ ಶಾನ್‌ದೊಂಗಿನಲ್ಲಿಯೂ ಇದೆ, ಜಿಯಾಂಗ್‌ಸುವಿನ ಒಂದು ಪಟ್ಟಣಕ್ಕೂ ಆ ಹಳೆಯ ಹೆಸರಿದೆ. ನಾಟಕಕಾರ ಲಿ ಕಾಯ್‌ಶಿಯನ್, ಚಿತ್ರಕಾರ ಶು ವೇಯ್, ತು ಲೊಂಗ್, ತಾಂಗ್ ಶಿಯನ್‌ಜು ಹೀಗೆ ಸೂಚಿತವಾದ ಹೆಸರುಗಳು ಹತ್ತಾರು. ಒಂದೊಂದು ವಾದವೂ ಬಿಡಿಯಾಗಿ ಓದಿದಾಗ ಮನವೊಪ್ಪುವಂತಿರುತ್ತದೆ, ಒಟ್ಟಿಗಿಟ್ಟು ನೋಡಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಸಾಕ್ಷ್ಯ ಹೆಚ್ಚದೆ ಅಭ್ಯರ್ಥಿಗಳಷ್ಟೇ ಹೆಚ್ಚುತ್ತಿದ್ದರೆ ಆ ಸಂಶೋಧನೆ ಮುಂದೆ ಸಾಗುತ್ತಿದೆಯೆನ್ನುವುದು ಕಷ್ಟ.

ಹೆಸರು ಹಚ್ಚುವುದರಿಂದ ಒಬ್ಬ ಮನುಷ್ಯನಿಗೆ ಅನ್ಯಾಯವಾಗಬಹುದೆಂಬುದು ಸ್ಪಷ್ಟವಾಗಿ ಕಾಣುವುದು 'ಕೆಂಪು ಮಹಲಿನ ಕನಸು' ಕಾದಂಬರಿಯಲ್ಲಿ. ಅದರ ಮೊದಲ ಅಧ್ಯಾಯವೇ ಕರ್ತೃವನ್ನು ಮರೆಮಾಡುತ್ತದೆ: ಕಥೆ ಒಂದು ಶಿಲೆಯ ಮೇಲೆ ಕೆತ್ತಿತ್ತು, ಸಾಧುವೊಬ್ಬ ಅದನ್ನು ನಕಲು ಮಾಡಿದ, ತ್ಸಾವ್ ಶ್ವೆಚಿನ್ ಎಂಬವನು ಹತ್ತು ವರ್ಷ ಕುಳಿತು ಐದು ಬಾರಿ ತಿದ್ದಿದ. 1791ರಲ್ಲಿ ಇದನ್ನು ಮೊದಲ ಬಾರಿಗೆ ಅಚ್ಚು ಹಾಕಿದ ಚೆಂಗ್ ವೇಯುವಾನ್ ಈ ಮಾತನ್ನು ಅಕ್ಷರಶಃ ತೆಗೆದುಕೊಂಡು, ಬರೆದವರು ಯಾರೋ ತಿಳಿಯದು, ತ್ಸಾವ್ ತಿದ್ದಿದನೆಂದು ಮಾತ್ರ ಗ್ರಂಥದಲ್ಲಿದೆ ಎಂದನು. ಕವಿ ಯುವಾನ್ ಮೇ ತ್ಸಾವ್‌ನನ್ನು ಕರ್ತೃವೆಂದು ಗುರುತಿಸಿದನಾದರೂ ಮೊಮ್ಮಗನನ್ನು ಮಗನೆಂದು ಬರೆದನು. ಕಾದಂಬರಿಯ ಉದ್ಯಾನವೇ ತನ್ನ ಈಗಿನ ತೋಟವೆಂದೂ ಹೇಳಿಕೊಂಡನು. 1921ರಲ್ಲಿ ಹು ಶಿ ಅವರು ದಾಖಲೆಗಳನ್ನು ಕಲೆಹಾಕಿ, ಕಾಂಗ್‌ಶಿ ಅರಸನು ದಕ್ಷಿಣಯಾತ್ರೆಗಳಲ್ಲಿ ಇಳಿದುಕೊಳ್ಳುತ್ತಿದ್ದ ನಾನ್‌ಜಿಂಗಿನ ಜವಳಿ ಅಧಿಕಾರಿ ತ್ಸಾವ್ ಯಿನ್‌ನ ಮೊಮ್ಮಗನೇ ಈ ಶ್ವೆಚಿನ್, 1728ರ ಸುಮಾರಿಗೆ ಆಸ್ತಿ ಮುಟ್ಟುಗೋಲಾಗಿ ಬಡತನಕ್ಕೆ ಬಿದ್ದವನು, 1763 ಅಥವಾ 1764ರಲ್ಲಿ ತೀರಿಕೊಂಡವನು ಎಂಬ ಚಿತ್ರವನ್ನು ಸ್ಥಾಪಿಸಿದರು. ಈ ಐದು ಕಾದಂಬರಿಗಳಲ್ಲಿ ಕರ್ತೃವಿನ ಬಗ್ಗೆ ಇಷ್ಟು ಗಟ್ಟಿಯಾದ ಆಧಾರ ಸಿಕ್ಕಿರುವುದು ಇದೊಂದಕ್ಕೇ.

ತೊಡಕು ಇರುವುದು ಗ್ರಂಥದ ಕೊನೆಯಲ್ಲಿ. ಹಳೆಯ ಹಸ್ತಪ್ರತಿಗಳು ಎಂಬತ್ತು ಅಧ್ಯಾಯಗಳಿಗೆ ನಿಲ್ಲುತ್ತವೆ. ಅವುಗಳ ಅಂಚಿನಲ್ಲಿ ಟಿಪ್ಪಣಿ ಬರೆದ, ತ್ಸಾವ್‌ನನ್ನು ಹತ್ತಿರದಿಂದ ಬಲ್ಲ ವ್ಯಕ್ತಿ, ಮುಂದಿನ ಭಾಗದ ಐದಾರು ಕರಡುಗಳನ್ನು ಓದಲು ಒಯ್ದವರು ಕಳೆದುಬಿಟ್ಟರೆಂದು ಒಂದೆಡೆ ಹಲುಬಿದ್ದಾನೆ. ಆದರೆ 1791ರ ಮುದ್ರಣದಲ್ಲಿ ನೂರ ಇಪ್ಪತ್ತು ಅಧ್ಯಾಯಗಳಿವೆ. ಹಲವು ವರ್ಷ ಹುಡುಕಿ ಇಪ್ಪತ್ತಕ್ಕೂ ಮಿಕ್ಕ ಅಧ್ಯಾಯಗಳನ್ನು ಕೂಡಿಸಿದೆ, ಮತ್ತೆ ಹತ್ತಕ್ಕೂ ಹೆಚ್ಚು ಅಧ್ಯಾಯಗಳು ಡೋಲು ಬಾರಿಸುತ್ತ ಹಳೆಯ ಸಾಮಾನು ಮಾರುವವನ ಹೊರೆಯಲ್ಲಿ ಸಿಕ್ಕವು, ಗೆಳೆಯ ಗಾವೊ ಎ ಜೊತೆ ಸೇರಿ ಅವನ್ನು ಸರಿಪಡಿಸಿದೆ ಎಂದು ಚೆಂಗ್ ಮುನ್ನುಡಿಯಲ್ಲಿ ಹೇಳಿದನು. ಇಷ್ಟು ಅನುಕೂಲವಾದ ಆಕಸ್ಮಿಕ ಲೋಕದಲ್ಲಿ ನಡೆಯದು ಎಂಬುದು ಹು ಶಿ ಅವರ ತೀರ್ಪು. ಅವರ ಮುಖ್ಯ ಆಧಾರ 1801ರ ಒಂದು ಕವಿತೆಯ ಅಡಿಟಿಪ್ಪಣಿ: ಎಂಬತ್ತರ ಮುಂದಿನ ಅಧ್ಯಾಯಗಳೆಲ್ಲ ಗಾವೊ 'ಬು' ಮಾಡಿದ್ದೆಂದು ಕವಿ ಜಾಂಗ್ ವೆನ್‌ತಾವೊ ಅಲ್ಲಿ ಬರೆದಿದ್ದಾನೆ. ಹರಿದ ಬಟ್ಟೆಗೆ ತೇಪೆ ಹಾಕುವುದಕ್ಕೂ 'ಬು' ಎನ್ನುತ್ತಾರೆ, ಇಲ್ಲದ ಭಾಗವನ್ನು ಹೊಸದಾಗಿ ಸೇರಿಸುವುದಕ್ಕೂ 'ಬು' ಎನ್ನುತ್ತಾರೆ. ಹು ಶಿ ಎರಡನೆಯ ಅರ್ಥವನ್ನು ಹಿಡಿದರು. ವಿಚಿತ್ರವೆಂದರೆ, 1927ರಲ್ಲಿ ಅಪರಿಚಿತನೊಬ್ಬ ಹು ಶಿ ಅವರಿಗೆ ಈ ಕಾದಂಬರಿಯ ಹಳೆಯ ಹಸ್ತಪ್ರತಿ ಮಾರಾಟಕ್ಕಿದೆಯೆಂದು ಪತ್ರ ಬರೆದನು. ಅವರು ಉತ್ತರಿಸಲಿಲ್ಲ. ಅವನೇ ಅದನ್ನು ಪುಸ್ತಕದಂಗಡಿಗೆ ತಂದು ಮುಟ್ಟಿಸಿದನು. ತಿಳಿದಿರುವ ಪಾಠಗಳಲ್ಲೆಲ್ಲ ಅತ್ಯಂತ ಪ್ರಾಚೀನವಾದ ಆ ಹದಿನಾರು ಅಧ್ಯಾಯಗಳು ಅವರಿಗೆ ದೊರೆತದ್ದು ಅಂಥದೇ ಆಕಸ್ಮಿಕದಿಂದ.

ಅಲ್ಲಿಂದ ಎಂಟು ದಶಕ ಗಾವೊ ಎ ಅಪರಾಧಿಯ ಸ್ಥಾನದಲ್ಲಿ ನಿಂತನು. ಕೊನೆಯ ನಲವತ್ತು ಅಧ್ಯಾಯಗಳಲ್ಲಿ ಕಥಾನಾಯಕ ಪರೀಕ್ಷೆಗೆ ಕೂರುವುದು, ಕುಟುಂಬದ ಭಾಗ್ಯ ಭಾಗಶಃ ಮರಳುವುದು ಎಲ್ಲವೂ ಪರೀಕ್ಷೆಯ ಮೋಹದ ಅಧಿಕಾರಿಯೊಬ್ಬನ ಅಲ್ಪ ಮನಸ್ಸಿಗೆ ಸಾಕ್ಷಿಯಾದವು. ಗಾವೊ 1795ರಲ್ಲಿ ಉನ್ನತ ಪರೀಕ್ಷೆ ಪಾಸಾದ ಸಂಗತಿಯನ್ನು ವಿಮರ್ಶಕರು ಆರೋಪಪಟ್ಟಿಯಂತೆ ಓದಿದರು. ನಾಯಕಿ ದಾಯ್‌ಯು ತನ್ನ ಕವಿತೆಗಳನ್ನು ಸುಟ್ಟು ಸಾಯುವ, ಚೀನೀ ಓದುಗರನ್ನು ತಲೆಮಾರುಗಳ ಕಾಲ ಅಳಿಸಿದ ಅಧ್ಯಾಯವೂ ಈ ನಲವತ್ತರಲ್ಲಿಯೇ ಇದೆ. ಅದನ್ನು ಮೆಚ್ಚಿದವರೂ ಮುಜುಗರದಿಂದ ಮೆಚ್ಚುವಂತಾಯಿತು.

ಎದುರು ಸಾಕ್ಷ್ಯ ನಿಧಾನವಾಗಿ ಕೂಡಿತು. 1790ರ ಶರತ್ಕಾಲದಲ್ಲಿ, ಅಂದರೆ ಮುದ್ರಣಕ್ಕೆ ಒಂದು ವರ್ಷ ಮೊದಲು, ಪರಿಚಿತನೊಬ್ಬನು ನೂರ ಇಪ್ಪತ್ತು ಅಧ್ಯಾಯಗಳ ಹಸ್ತಪ್ರತಿ ಕೊಂಡಿದ್ದನೆಂದು ಜೌ ಚುನ್ ಎಂಬ ವಿದ್ವಾಂಸನು ಬರೆದಿಟ್ಟಿದ್ದಾನೆ. 1952ರಲ್ಲಿ ಸ್ವೀಡನ್ನಿನ ಬರ್ನ್‌ಹಾರ್ಡ್ ಕಾರ್ಲ್‌ಗ್ರೆನ್ ವ್ಯಾಕರಣರೂಪಗಳನ್ನು ಎಣಿಸಿ, ಎರಡೂ ಭಾಗ ಒಬ್ಬನದೇ ಎಂದರು. ಅನಂತರ ಗಣಕಯಂತ್ರಗಳು ಬಂದವು. ಅವುಗಳಲ್ಲಿಯೂ ಒಮ್ಮತ ಮೂಡಲಿಲ್ಲ. ಗಾವೊ ಮತ್ತು ಚೆಂಗ್ ಮೊದಲ ಎಂಬತ್ತು ಅಧ್ಯಾಯಗಳ ಭಾಷೆಯನ್ನೂ ತಿದ್ದಿರುವಾಗ, ಮುದ್ರಿತ ಪಾಠದ ಎರಡು ಭಾಗಗಳನ್ನು ಹೋಲಿಸಿ ಬರುವ ಫಲಿತಾಂಶದಿಂದ ಯಾವ ಕೈಯನ್ನು ಗುರುತಿಸಲು ಸಾಧ್ಯ? ಹು ಶಿ ಅವರೊಡನೆ ಈ ವಾದವನ್ನು ಬೆಳೆಸಿದ ಯು ಪಿಂಗ್‌ಬೊ, ಅದೇ ಸಂಶೋಧನೆಗಾಗಿ 1954ರಲ್ಲಿ ದೇಶವ್ಯಾಪಿ ಖಂಡನೆಗೆ ಒಳಗಾದರು. 1990ರಲ್ಲಿ, ಮರಣಶಯ್ಯೆಯಲ್ಲಿದ್ದಾಗ ಅವರು ನಡುಗುವ ಕೈಯಿಂದ ಬರೆದರೆನ್ನಲಾದ ಸಾಲುಗಳ ತಾತ್ಪರ್ಯ ಇದು: ಹು ಶಿ ಮತ್ತು ತಾನು ಕಾದಂಬರಿಯನ್ನು ಸೊಂಟದಲ್ಲಿ ಕತ್ತರಿಸಿದ ಪಾಪಿಗಳು, ಚೆಂಗ್ ಮತ್ತು ಗಾವೊ ಅದನ್ನು ಇಡಿಯಾಗಿ ಉಳಿಸಿದ ಪುಣ್ಯವಂತರು.

2008ರಲ್ಲಿ ಬೀಜಿಂಗಿನ ಜನಸಾಹಿತ್ಯ ಪ್ರಕಾಶನವು ತನ್ನ ಪ್ರಮಾಣಭೂತ ಆವೃತ್ತಿಯನ್ನು ಪರಿಷ್ಕರಿಸಿದಾಗ ಮುಖಪುಟದ ಸಾಲುಗಳನ್ನು ಬದಲಿಸಿತು. ಮೊದಲ ಎಂಬತ್ತು ಅಧ್ಯಾಯಗಳು ತ್ಸಾವ್ ಶ್ವೆಚಿನ್‌ನವು. ಮುಂದಿನ ನಲವತ್ತು ಅನಾಮಿಕನವು. ಚೆಂಗ್ ವೇಯುವಾನ್ ಮತ್ತು ಗಾವೊ ಎ ಸಂಯೋಜಕರು. ಇದರಿಂದ ಗಾವೊ ಎ ತನ್ನ ಹಳೆಯ ಸ್ಥಾನಕ್ಕೆ, ತಾನೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಷ್ಟಕ್ಕೆ, ಮರಳಿದಂತಾಯಿತು. 1959ರಲ್ಲಿ ಬೆಳಕಿಗೆ ಬಂದ ನೂರ ಇಪ್ಪತ್ತು ಅಧ್ಯಾಯಗಳ ಕೈಬರಹದ ಪ್ರತಿಯೊಂದಿದೆ. ಸಾಲುಗಳ ನಡುವೆ ಹೊಡೆದುಹಾಕಿದ, ಸೇರಿಸಿದ ಗುರುತುಗಳು ಅದರ ತುಂಬ ಇವೆ. ಎಪ್ಪತ್ತೆಂಟನೆಯ ಅಧ್ಯಾಯದ ಕೊನೆಯಲ್ಲಿ ಗಾವೊನ ಇನ್ನೊಂದು ಹೆಸರಾದ ಲಾನ್‌ಶು ಎಂಬುದರ ಜೊತೆಗೆ ಎರಡು ಅಕ್ಷರಗಳಿವೆ. ಅವು ಹೇಳುವುದು ಅವನು ಅದನ್ನು ಓದಿದನೆಂದು ಮಾತ್ರ.